ದಂಡಿನವನ ವಂಶಾನ್ವೇಷಣೆ

 

ಕೋಲಾರದ ಸೀಮೆಯಲ್ಲಿ ‘ನಮ್ಮ ಹಿರಿಯರೊಬ್ಬರು ದಂಡಿನಲ್ಲಿದ್ದರು’ ಎಂದು ಹೇಳಿಕೊಳ್ಳುವ ಮನೆತನಗಳು ಹಲವುಂಟು. ಯಾವ ದಂಡು, ಯಾವ ದೊರೆ, ಯಾವ ಕಾಳಗವೆಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುವುದು. ಆರಂಬಗಾರನ ವಂಶವನ್ನು ಅವನ ಹೊಲವೇ ಹೇಳುವುದು. ದಂಡಿನವನಾದರೋ ಊರನ್ನು ಬಿಟ್ಟವನು, ಕೆಲವು ವೇಳೆ ಹೆಸರನ್ನೂ ಬಿಟ್ಟವನು. ಇದಕ್ಕೆ ಚಿನ್ನದ ಗಣಿಯ ನೆಲದಲ್ಲಿಯೇ ಒಂದು ನಿದರ್ಶನವಿರುವುದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ರಾಜ್ಯದ ಎಲ್ಲೆಗಳನ್ನು ಅಳೆದು ಗುರುತಿಸುವ ಕಾರ್ಯವು ನಡೆಯಿತು. ಪೂರ್ವದ ಎಲ್ಲೆಯ ಕೆಲಸಕ್ಕಾಗಿ 1802ರಲ್ಲಿ ಈ ಕಡೆಗೆ ಬಂದವನು 33ನೆಯ ಪದಾತಿದಳದ ಲೆಫ್ಟಿನೆಂಟ್ ಜಾನ್ ವಾರೆನ್. ಇಲ್ಲಿಯ ಮಣ್ಣಿನಲ್ಲಿ ಚಿನ್ನವುಂಟೆಂಬ ಮಾತು ಕಿವಿಗೆ ಬಿದ್ದೊಡನೆ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿದನು. ಉರಿಗಾಂ ಗ್ರಾಮಸ್ಥರು ಗಾಡಿಗಳಲ್ಲಿ ಮಣ್ಣನ್ನು ತಂದು, ಅವನ ಕಣ್ಣೆದುರಿಗೇ ತೊಳೆದು, ಚಿನ್ನದ ಕಣಗಳನ್ನು ತೋರಿಸಿದರು. ಆ ವರದಿಯನ್ನು ಬಹುಕಾಲದ ಮೇಲೆ ಓದಿ ಬೆನ್ನುಹತ್ತಿದವನೂ ದಂಡಿನವನೇ: ನ್ಯೂಜಿಲೆಂಡಿನ ಯುದ್ಧದಿಂದ ಬೆಂಗಳೂರಿಗೆ ಬಂದು ನೆಲೆಸಿದ ಐರ್ಲೆಂಡಿನ ಮೈಕೇಲ್ ಲವೆಲ್. ಅವನು 1873ರಲ್ಲಿ ಅಪ್ಪಣೆಗಾಗಿ ಸರಕಾರಕ್ಕೆ ಅರ್ಜಿಯಿಟ್ಟನು. 2001ರಲ್ಲಿ ಮುಚ್ಚಿಹೋದ ಆ ಗಣಿಗಳ ಕಥೆಯನ್ನು ಎಲ್ಲರೂ ಬಲ್ಲರು; ಇಲ್ಲಿ ಬೇಕಾದುದು ವಾರೆನ್ನನ ಕುಲ.

ಹೆಸರನ್ನು ನೋಡಿದರೆ ಅವನು ಇಂಗ್ಲಿಷನು. ಆದರೆ ಇಂಗ್ಲೆಂಡಿನಲ್ಲಿ ಹುಡುಕಿದವರಿಗೆ ಅವನ ಹುಟ್ಟೂರು ದೊರೆಯದು. ಅವನ ಪೂರ್ವನಾಮವು ಜಾನ್ ಬಾಪ್ಟಿಸ್ಟ್ ಫ್ರಾನ್ಸ್ವಾ ಜೋಸೆಫ್ ದ ವಾರೆನ್. 1769ರಲ್ಲಿ ಇಟಲಿಯ ಲಿವೊರ್ನೊ ಪಟ್ಟಣದಲ್ಲಿ ಜನಿಸಿದ ಫ್ರೆಂಚ್ ಕುಲೀನನು. ಅವನ ಹಿರಿಯರು ಐರ್ಲೆಂಡಿನಿಂದ ಹೋಗಿ ಫ್ರಾನ್ಸಿನವರಾದವರು. 1789ರ ಕ್ರಾಂತಿಯು ಆ ದೇಶದ ಕುಲೀನರನ್ನು ದಿಕ್ಕುದಿಕ್ಕಿಗೆ ಚದುರಿಸಿದ ಕಾಲದಲ್ಲಿ ಅವನು ಭರತಖಂಡಕ್ಕೆ ಬಂದು, ಫ್ರಾನ್ಸಿಗೆ ಹಗೆಯಾಗಿದ್ದ ಇಂಗ್ಲಿಷರ ದಂಡನ್ನೇ ಸೇರಿದನು. ಅರಸೊತ್ತಿಗೆಯು ಮರಳಿದ ಮೇಲೆ ಸ್ವದೇಶಕ್ಕೆ ಹೋಗಿ ಕೌಂಟ್ ಪದವಿಯನ್ನು ಪಡೆದು, ಪುನಃ ಇಲ್ಲಿಗೇ ಬಂದು, 1830ರಲ್ಲಿ ಪಾಂಡಿಚೇರಿಯಲ್ಲಿ ಕಾಲವಾದನು. ಮಗನಾದ ಎದುವಾರ್ ದ ವಾರೆನ್ ಇಂಗ್ಲಿಷರ ದಂಡಿನಲ್ಲಿ ಸೇವೆಮಾಡಿ, ಅವರ ಆಳ್ವಿಕೆಯನ್ನು ಕುರಿತು ಫ್ರೆಂಚಿನಲ್ಲಿ ಗ್ರಂಥವನ್ನು ಬರೆದನು. ಮನೆ ಒಂದೇ, ಕಾಗದಗಳು ಎರಡು ರಾಜ್ಯಗಳಲ್ಲಿ, ಹೆಸರು ಎರಡು ಬಗೆಯಲ್ಲಿ. ಒಂದನ್ನೇ ಹಿಡಿದವನಿಗೆ ಅರ್ಧ ಮನುಷ್ಯನು ಮಾತ್ರ ಸಿಕ್ಕುವನು.

ಪಂಚಾಂಗವನ್ನು ಬಲ್ಲವರಿಗೆ ಇವನ ಇನ್ನೊಂದು ಮುಖವು ಹೆಚ್ಚು ಪ್ರಿಯವಾದೀತು. 1805ರಿಂದ 1811ರವರೆಗೆ ಮದರಾಸಿನ ವೇಧಶಾಲೆಯನ್ನು ನೋಡಿಕೊಂಡಿದ್ದ ಇವನು, 1825ರಲ್ಲಿ ‘ಕಾಲಸಂಕಲಿತ’ವೆಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ದಕ್ಷಿಣದೇಶದ ಸೌರಮಾನ ಚಾಂದ್ರಮಾನಗಳ ಗಣನೆಯನ್ನು ವಿವರಿಸಿದನು. ಪಾಂಡಿಚೇರಿಯ ಪಂಚಾಂಗಕರ್ತನೊಬ್ಬನು ಏನನ್ನೂ ಬರೆದುಕೊಳ್ಳದೆ, ನೆಲದ ಮೇಲೆ ಕವಡೆಗಳನ್ನಿಟ್ಟು, ಬಾಯಿಪಾಠದ ವಾಕ್ಯಗಳ ಬಲದಿಂದಲೇ ಚಂದ್ರಗ್ರಹಣವನ್ನು ಗಣಿಸಿ ತೋರಿಸಿದುದನ್ನು ವಿಸ್ಮಯದಿಂದ ದಾಖಲಿಸಿದನು. ಶ್ರೀರಂಗಪಟ್ಟಣದ ಕಾಳಗವನ್ನು ಕಂಡವನಿಗೆ ಕವಡೆಯವನ ಮುಂದೆ ಕುಳಿತು ಕಲಿಯುವ ವಿನಯವಿತ್ತು! ವಂಶಾವಳಿಯ ಪಟ್ಟಿಗಳಲ್ಲಿ ಇಂತಹ ಸಂಗತಿಯು ಬಾರದು. ಅಲ್ಲಿ ಬರುವುವು ಹುಟ್ಟು, ಸಾವು, ಹುದ್ದೆಗಳು ಮಾತ್ರ.

ಪದಾತಿದಳದ ಪಟ್ಟಿಗಳಿಲ್ಲದ ಈ ನಾಡಿನ ಮನೆತನಗಳಿಗೆ ಗತಿಯೇನು? ಕಲ್ಲು ಉಂಟು, ನೆಲವುಂಟು. ಊರ ಹೊರಗಿನ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಏರುವ ವೀರ, ಮೇಲೆ ಶಿವಲಿಂಗದ ಸನ್ನಿಧಿ. ಬರಹವಿದ್ದಲ್ಲಿ ಅವನ ಹೆಸರೂ ಆಳುವ ಅರಸನ ಹೆಸರೂ ದೊರೆಯಬಹುದು. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಮನೆಯ ಹಳೆಯ ಹೊಲಗಳಲ್ಲಿ ಕೊಡಗೆಯೆಂದು ಕರೆಯುವ ತುಂಡೊಂದಿದ್ದರೆ, ಅದು ಯಾರಿಗೆ, ಯಾವುದಕ್ಕೆ ಬಂದಿತೆಂದು ಮುದುಕರನ್ನು ಕೇಳಬೇಕು. ಈಗಲೇ ಕೇಳಬೇಕು, ಮುದುಕರು ಹೋದರೆ ಹೊಲವು ಮೂಕವಾಗುವುದು. ಕಲ್ಲಿಗೆ ಸುಣ್ಣ ಬಳಿಯುವವರೂ ಅದನ್ನು ಚಪ್ಪಡಿಯಾಗಿ ಹಾಸುವವರೂ ತಮ್ಮ ಅಜ್ಜನನ್ನೇ ತುಳಿಯುತ್ತಿರಬಹುದು.

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಬಂಗಾರಪೇಟೆಯೆಂದು ಹುಡುಕಿದರೆ ಏನೂ ಸಿಕ್ಕದು. ಆ ಕಾಲಕ್ಕೆ ತಾಲ್ಲೂಕಿಗೆ, ಮೈಸೂರಿನ ಕಮಿಷನರಾಗಿದ್ದ ಬೌರಿಂಗನ ಹೆಸರಿನಿಂದ, ಬೌರಿಂಗ್‌ಪೇಟೆಯೆಂಬ ಹೆಸರು ನಡೆಯುತ್ತಿತ್ತು. ಶಾಸನಗಳು ಆ ಹೆಸರಿನ ಕೆಳಗೆ ಇವೆ.