ಯಂತ್ರದ ಪಟ್ಟಿ, ಪ್ರಜೆಯ ಅಹವಾಲು

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಆಡಳಿತದಲ್ಲಿ ಕೃತಕ ಬುದ್ಧಿಮತ್ತೆ ಎಂದೊಡನೆ ದಕ್ಷತೆ, ಶೀಘ್ರತೆಗಳ ಮಾತು ಕೇಳಿಬರುತ್ತದೆ. ಆ ಆಶಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಯಂತ್ರದ ಮಾತನ್ನು ನಂಬಿ ಪ್ರಭುತ್ವವು ಪ್ರಜೆಯ ಅನ್ನವನ್ನು ಕಿತ್ತುಕೊಂಡಾಗ, ಆ ಪ್ರಜೆ ಯಾರೆದುರು ವಾದಿಸಬೇಕು? ಇಂದು ನಾನು ಕೇಳಬಯಸುವ ಪ್ರಶ್ನೆ ಇದೊಂದೇ.

ತೆಲಂಗಾಣದ ನಿದರ್ಶನವನ್ನೇ ನೋಡೋಣ. ಅಲ್ಲಿನ ಸರ್ಕಾರದ ‘ಸಮಗ್ರ ವೇದಿಕ’ ಎಂಬ ಗಣಕ ವ್ಯವಸ್ಥೆಯು ನಾನಾ ಇಲಾಖೆಗಳ ದಾಖಲೆಗಳನ್ನು ಹೆಣೆದು, ಹೆಸರು ವಿಳಾಸಗಳ ಸಾಮ್ಯದ ಮೇಲೆ ‘ಇವನೇ ಅವನು’ ಎಂದು ಊಹಿಸುತ್ತದೆ. ಕಾರಿನ ಒಡೆಯನೊಬ್ಬನ ಹೆಸರನ್ನು ಹೋಲುವ ಹೆಸರಿದ್ದ ಕಾರಣಕ್ಕೆ ಬಡ ಕುಟುಂಬವೊಂದು ಪಡಿತರ ಕಳೆದುಕೊಂಡ ಸಂಗತಿ 2024ರಲ್ಲಿ ವರದಿಯಾಯಿತು. 2014ರಿಂದ 2019ರವರೆಗೆ ಆ ರಾಜ್ಯದಲ್ಲಿ ರದ್ದಾದ ಪಡಿತರ ಚೀಟಿಗಳು 18 ಲಕ್ಷಕ್ಕೂ ಹೆಚ್ಚು. 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಳ ಪರಿಶೀಲನೆಗೆ ಆದೇಶಿಸಿತು. ಆ ಬಳಿಕ ಸಾವಿರಾರು ಕುಟುಂಬಗಳು ಅರ್ಹವೆಂದು ಕಂಡುಬಂದವು.

ಗುಮಾಸ್ತನೂ ತಪ್ಪುತ್ತಿದ್ದ, ನಿಜ. ಆದರೆ ಅವನ ಕಡತದಲ್ಲಿ ಕಾರಣವಿರುತ್ತಿತ್ತು, ಕೆಳಗೊಂದು ಸಹಿಯಿರುತ್ತಿತ್ತು, ಮೇಲ್ಮನವಿಗೆ ದಾರಿಯಿತ್ತು. ಪಟ್ಟಿಯಿಂದ ಹೆಸರು ಸದ್ದಿಲ್ಲದೆ ಅಳಿಸಿಹೋದಾಗ ಈ ಮೂರೂ ಇಲ್ಲವಾಗುತ್ತವೆ.

ಇದಕ್ಕೆ ಉತ್ತರ ಹುಡುಕುವಾಗ ಕನ್ನಡ ನಾಡಿನ ಹಿರಿಯರೊಬ್ಬರು ನೆನಪಾಗುತ್ತಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದನ್ನು ಮೊಟಕುಗೊಳಿಸಲು ಕಾನೂನಿನ ಬಲ, ನ್ಯಾಯಸಮ್ಮತ ಉದ್ದೇಶ, ಉದ್ದೇಶಕ್ಕೆ ತಕ್ಕ ಮಿತಿ ಇರಬೇಕೆಂಬ ಒರೆಗಲ್ಲು ಆ ತೀರ್ಪಿನದು. 2020ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸ್‌ನ ಹೇಗ್ ಜಿಲ್ಲಾ ನ್ಯಾಯಾಲಯವೂ, ಸವಲತ್ತು ವಂಚಕರನ್ನು ಊಹಿಸುತ್ತಿದ್ದ ‘ಸೈರಿ’ ವ್ಯವಸ್ಥೆಯನ್ನು ಖಾಸಗಿ ಬದುಕಿನ ಹಕ್ಕಿನ ಹೆಸರಿನಲ್ಲಿಯೇ ತಡೆಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ ಸರ್ಕಾರದ ಅಂಗಗಳಿಗೇ ವಿಶಾಲ ವಿನಾಯಿತಿಯ ಬಾಗಿಲು ತೆರೆದಿದೆ.

ಹೊರನಾಡಿಗರಾದ ನಮಗೆ ಇದು ದೂರದ ಮಾತಲ್ಲ. ಊರಿನ ದಾಖಲೆಯಲ್ಲಿ ನಮ್ಮ ಹೆಸರು ಒಂದು ಬಗೆ. ಮರಾಠಿಯಲ್ಲೋ ತಮಿಳಿನಲ್ಲೋ ಇನ್ನೊಂದು ಬಗೆ. ಇನಿಷಿಯಲ್ಲು ಬಿಡಿಸಿ ಬರೆದರೆ ಮತ್ತೊಂದು. ಮನುಷ್ಯನಾದರೆ ಕೇಳಿ ತಿಳಿದಾನು. ಯಂತ್ರವು ಒಬ್ಬನನ್ನು ಇಬ್ಬರೆಂದೂ ಇಬ್ಬರನ್ನು ಒಬ್ಬನೆಂದೂ ಎಣಿಸೀತು. ಕೆಲಸ ಅರಸಿ ಬಂದ ಕೂಲಿಕಾರನಿಗೆ ಈ ಎಣಿಕೆಯ ಏಟು ಮೊದಲು ಬೀಳುತ್ತದೆ.

ಆದುದರಿಂದ ನಾವು ಒತ್ತಾಯಿಸಬೇಕಾದುದು ಇಷ್ಟು: ಹಕ್ಕನ್ನು ಕಳೆಯುವ ಮುನ್ನ ಪ್ರಜೆ ಓದಬಲ್ಲ ಭಾಷೆಯಲ್ಲಿ ನೋಟಿಸು, ಅದರಲ್ಲಿ ಕಾರಣ, ಅಹವಾಲು ಆಲಿಸುವ ಅಧಿಕಾರಿ, ಆದೇಶದ ಕೆಳಗೆ ಹೊಣೆ ಹೊತ್ತ ಮನುಷ್ಯನೊಬ್ಬನ ಸಹಿ. ಸಂವಿಧಾನದ 14 ಮತ್ತು 21ನೆಯ ವಿಧಿಗಳು ಪ್ರಭುತ್ವಕ್ಕೆ ವಿಧಿಸಿದ ಹೊಣೆಯನ್ನು ಯಾವ ಯಂತ್ರಕ್ಕೂ ವರ್ಗಾಯಿಸಲಾಗದು. ನಮ್ಮ ಸಂಘಗಳು ನಾಟಕ, ರಾಜ್ಯೋತ್ಸವಗಳ ಜೊತೆಗೆ ಇಂಥವರ ಅಹವಾಲು ಬರೆದುಕೊಡುವ ಕೆಲಸಕ್ಕೂ ಒಂದು ಮೇಜನ್ನು ಮೀಸಲಿಡಲಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.