ಪೀಠವಿಲ್ಲದ ಪ್ರತಿಮೆ



ಇವತ್ತಿನ ಮಾತು ಬಾತುಕೋಳಿಗಳ ಬಗ್ಗೆ. ನಗಬೇಡಿ, ಸ್ವಲ್ಪ ಹೊತ್ತು ಜೊತೆಗಿರಿ. ಒಂದು ತಾಯಿ ಬಾತುಕೋಳಿ, ಅದರ ಹಿಂದೆ ಸಾಲಾಗಿ ಎಂಟು ಮರಿ. ಇವು ಹುಟ್ಟಿದ್ದು ಒಂದು ಮಕ್ಕಳ ಪುಸ್ತಕದಲ್ಲಿ. ಈಗ ಇರೋದು ಅಮೆರಿಕದ ಬಾಸ್ಟನ್ ನಗರದ ನಟ್ಟನಡುವೆ, ಕಂಚಿನಲ್ಲಿ. ಬಾಸ್ಟನ್‌ಗೆ ಹೋಗಿಬಂದವರ ಫೋನ್ ತೆಗೆದು ನೋಡಿ. ಆ ಕಡೆ ನೆಲೆಸಿರೋ ಕನ್ನಡದ ಕುಟುಂಬಗಳ ಫೋಟೋ ಆಲ್ಬಮ್ ನೋಡಿ. ತಾಯಿ ಬಾತುಕೋಳಿ ಬೆನ್ನ ಮೇಲೆ ಕೂತ ಒಂದು ಮಗುವಿನ ಚಿತ್ರ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತೆ.

ಬಾಸ್ಟನ್ ಅಂದ್ರೆ ಸಾಮಾನ್ಯ ಊರಲ್ಲ. 1773ರಲ್ಲಿ ಬ್ರಿಟಿಷರ ಚಹಾ ಪೆಟ್ಟಿಗೆಗಳನ್ನ ಸಮುದ್ರಕ್ಕೆ ಎಸೆದ ಊರು. ಅಮೆರಿಕದ ಸ್ವಾತಂತ್ರ್ಯದ ಕಥೆ ಶುರುವಾಗೋದೇ ಅಲ್ಲಿಂದ. ನನ್ನ ಹಾಗೆ ಇಂಜಿನಿಯರಿಂಗ್ ಓದಿದವರಿಗೆ ಬಾಸ್ಟನ್ ಅಂದ ಕೂಡಲೇ ನೆನಪಾಗೋದು ನದಿಯಾಚೆ ಕೇಂಬ್ರಿಡ್ಜ್‌ನಲ್ಲಿರೋ ಎಂಐಟಿ. ಅದರ ಪಕ್ಕದಲ್ಲೇ ಹಾರ್ವರ್ಡ್. ಗುರುತು ಅಂತ ಹೇಳಿಕೊಳ್ಳೋಕೆ ಆ ಊರಿಗೆ ಏನೂ ಕಡಿಮೆ ಇರಲಿಲ್ಲ. ಅಂಥಾ ಊರು ಒಂಬತ್ತು ಬಾತುಕೋಳಿಗಳನ್ನ ಎದೆಗೆ ಅಪ್ಪಿಕೊಂಡಿದ್ದು ಯಾಕೆ? ಇದೇ ಇವತ್ತಿನ ಪ್ರಶ್ನೆ.

ಮೊದಲು ಪುಸ್ತಕದ ಕಥೆ. ಹೆಸರು 'ಮೇಕ್ ವೇ ಫಾರ್ ಡಕ್ಲಿಂಗ್ಸ್'. ಮರಿಗಳಿಗೆ ದಾರಿ ಬಿಡಿ ಅಂತ ಅರ್ಥ. 1941ರಲ್ಲಿ ಬಂತು. ಬರೆದು, ಚಿತ್ರ ಬಿಡಿಸಿದವರು ರಾಬರ್ಟ್ ಮೆಕ್‌ಕ್ಲಾಸ್ಕಿ. ಆಗಿನ್ನೂ ಅವರಿಗೆ ಮೂವತ್ತು ದಾಟಿರಲಿಲ್ಲ. ಕಥೆ ಬಹಳ ಸರಳ. ಒಂದು ಬಾತುಕೋಳಿ ಜೋಡಿ ಮನೆ ಹುಡುಕ್ತಾ ಬಾಸ್ಟನ್‌ಗೆ ಬರುತ್ತೆ. ಗಂಡ ತೋರಿಸಿದ ಜಾಗಗಳಲ್ಲೆಲ್ಲ ಹೆಂಡತಿಗೆ ಏನಾದರೂ ಒಂದು ಭಯ. ಇಲ್ಲಿ ನರಿ ಇರಬಹುದು, ಅಲ್ಲಿ ಆಮೆ ಇರಬಹುದು. ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಸಂಸಾರದ ಕಷ್ಟ ಚೆನ್ನಾಗಿ ಅರ್ಥವಾಗುತ್ತೆ. ಪಬ್ಲಿಕ್ ಗಾರ್ಡನ್ ಎಂಬ ಉದ್ಯಾನ ಹಿಡಿಸುತ್ತೆ, ಆದರೆ ಅಲ್ಲಿ ಮಕ್ಕಳ ಸೈಕಲ್ಲುಗಳ ಕಾಟ. ಕೊನೆಗೆ ಚಾರ್ಲ್ಸ್ ನದಿಯ ಒಂದು ನಡುಗಡ್ಡೆಯಲ್ಲಿ ಗೂಡು ಕಟ್ಟಿ, ಎಂಟು ಮರಿ ಮಾಡುತ್ತೆ. ಮರಿಗಳು ಬೆಳೆದ ಮೇಲೆ ತಾಯಿ ಅವನ್ನ ಸಾಲಾಗಿ ನಡೆಸ್ಕೊಂಡು ಉದ್ಯಾನದ ಕೊಳಕ್ಕೆ ಹೊರಡುತ್ತೆ. ಮಧ್ಯೆ ರಸ್ತೆ. ಕಾರುಗಳು ನಿಲ್ಲೋದಿಲ್ಲ. ಆಗ ಮೈಕಲ್ ಎಂಬ ಪೊಲೀಸಪ್ಪ ಓಡಿಬಂದು, ಸೀಟಿ ಊದಿ, ಕೈ ಅಡ್ಡ ಹಿಡಿದು ಟ್ರಾಫಿಕ್ ನಿಲ್ಲಿಸ್ತಾನೆ. ಸಾಲದ್ದಕ್ಕೆ ಠಾಣೆಗೆ ಫೋನ್ ಮಾಡಿ ಮುಂದಿನ ರಸ್ತೆಗೂ ಪೊಲೀಸರನ್ನ ಕಳಿಸಿ ಅಂತಾನೆ. ಮರಿಗಳು ಕ್ಷೇಮವಾಗಿ ಕೊಳ ಸೇರ್ತವೆ. ಇಷ್ಟೇ.

ಇಷ್ಟೇ ಕಥೆಗೆ ಮರುವರ್ಷ, 1942ರಲ್ಲಿ, ಕಾಲ್ಡಿಕಾಟ್ ಪದಕ ಬಂತು. ಮಕ್ಕಳ ಚಿತ್ರಪುಸ್ತಕಕ್ಕೆ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಮೆಕ್‌ಕ್ಲಾಸ್ಕಿ ಬಾಸ್ಟನ್ನಿನವರಲ್ಲ, ಓಹಾಯೋ ರಾಜ್ಯದವರು. ಚಿತ್ರಕಲೆ ಕಲಿಯೋಕೆ ಬಾಸ್ಟನ್‌ಗೆ ಬಂದಾಗ ಉದ್ಯಾನದ ಬಾತುಕೋಳಿಗಳನ್ನ ನೋಡಿದ್ದರು. ಪುಸ್ತಕ ಮಾಡುವಾಗ ನ್ಯೂಯಾರ್ಕಿನ ತಮ್ಮ ಪುಟ್ಟ ಮನೆಗೆ ನಿಜವಾದ ಬಾತುಕೋಳಿಗಳನ್ನೇ ತಂದು, ಬಾತ್‌ಟಬ್‌ನಲ್ಲಿ ಈಜಾಡಿಸಿ, ನೆಲದ ಮೇಲೆ ಅವುಗಳ ಹಿಂದೆ ಹಿಂದೆ ಹೋಗಿ ಚಿತ್ರ ಬಿಡಿಸಿದರು. ಕೆಳಗಿನ ಮನೆಯವರು ಏನಂದುಕೊಂಡಿದ್ದರೋ, ಪಾಪ! ಅಂದ್ರೆ ಏನಾಯ್ತು? ಬರೆದವರು ಹೊರಗಿನವರು. ಕಥೆಯ ಬಾತುಕೋಳಿಗಳೂ ಹೊರಗಿನಿಂದ ಮನೆ ಹುಡುಕ್ತಾ ಬಂದವು. ಊರಿನ ಗುರುತನ್ನ ಊರಲ್ಲಿ ಹುಟ್ಟಿದವರೇ ಕೊಡಬೇಕು ಅಂತ ಯಾವ ಕಾನೂನೂ ಇಲ್ಲ. ಒಂದು ಊರು ಎಷ್ಟು ಚೆಂದ ಅನ್ನೋದು ಕೆಲವು ಸಲ ಆಗಷ್ಟೇ ಬಂದಿಳಿದವರ ಕಣ್ಣಿಗೇ ಮೊದಲು ಬೀಳುತ್ತೆ.

ಇನ್ನೊಂದು ಕಾರಣ ಭೂಪಟ. ಪುಸ್ತಕದಲ್ಲಿರೋದು ಯಾವುದೋ ಕಾಲ್ಪನಿಕ ನಗರ ಅಲ್ಲ. ಬೀಕನ್ ಹಿಲ್, ಚಾರ್ಲ್ಸ್ ಸ್ಟ್ರೀಟ್, ಸ್ಟೇಟ್ ಹೌಸ್‌ನ ಗುಮ್ಮಟ, ಕೊಳದಲ್ಲಿ ತೇಲುವ ಹಂಸದೋಣಿಗಳು, ಎಲ್ಲಾ ನಿಜವಾಗಿಯೂ ಇರೋ ಜಾಗಗಳು. ಆ ಹಂಸದೋಣಿಗಳು 1877ರಿಂದ ಇವತ್ತಿನವರೆಗೂ ಓಡ್ತಾ ಇವೆ. ರಾತ್ರಿ ಮಗುವಿಗೆ ಓದಿ ಹೇಳಿದ ಕಥೆಯನ್ನ ಬೆಳಗ್ಗೆ ಕೈ ಹಿಡಿದು ನಡೆಸಿ ತೋರಿಸಬಹುದು. ಎಷ್ಟು ಊರಿನ ಮಕ್ಕಳಿಗೆ ಈ ಭಾಗ್ಯ ಇದೆ, ಹೇಳಿ?

ಈಗ ಪ್ರತಿಮೆಗೆ ಬರೋಣ. ಪುಸ್ತಕ ಬಂದು 46 ವರ್ಷ ಆದ ಮೇಲೆ, 1987ರ ಅಕ್ಟೋಬರ್‌ನಲ್ಲಿ, ಪಬ್ಲಿಕ್ ಗಾರ್ಡನ್‌ಗೆ 150 ವರ್ಷ ತುಂಬಿದ ಸಂದರ್ಭದಲ್ಲಿ ಈ ಬಾತುಕೋಳಿಗಳನ್ನ ಅಲ್ಲಿ ನಿಲ್ಲಿಸಿದರು. ಮಾಡಿದವರು ಶಿಲ್ಪಿ ನ್ಯಾನ್ಸಿ ಶಾನ್. ಯೋಚನೆ ಕೊಟ್ಟವರು ಅವರ ಗೆಳತಿ, ನಗರ ಯೋಜನೆಯ ತಜ್ಞೆ ಸುಸಾನ್ ಡಿ ಮಾನ್ಶೋ. ಗಮನಿಸಿ, ಮಂತ್ರಿ ಅಲ್ಲ, ಮೇಯರ್ ಅಲ್ಲ.

ನಮ್ಮಲ್ಲಿ ಪ್ರತಿಮೆ ಅಂದ್ರೆ ಏನು? ಮೊದಲು ಪೀಠ. ಪೀಠದ ಸುತ್ತ ಗ್ರಿಲ್. ಗ್ರಿಲ್‌ಗೆ ಬೀಗ. ವರ್ಷಕ್ಕೊಂದು ದಿನ ಕ್ರೇನ್ ಬರುತ್ತೆ, ಹಾರ ಏರುತ್ತೆ. ಉಳಿದ 364 ದಿನ ನಾವು ಕೆಳಗೆ, ಅವರು ಮೇಲೆ. ಬಾಸ್ಟನ್ನಿನ ಈ ಪ್ರತಿಮೆಗೆ ಪೀಠ ಇಲ್ಲ, ಬೇಲಿಯೂ ಇಲ್ಲ. ಹಳೇ ರಸ್ತೆಯ ಕಲ್ಲುಗಳನ್ನ ಜೋಡಿಸಿದ ಹಾಸಿನ ಮೇಲೆ, ನೆಲದಲ್ಲೇ ನಿಂತಿವೆ. ತಾಯಿಯ ಎತ್ತರ ಸುಮಾರು ಮೂರಡಿ. ಮರಿಗಳು ಒಂದು, ಒಂದೂವರೆ ಅಡಿ. ಇಡೀ ಸಾಲು ಅಂದಾಜು 35 ಅಡಿ ಉದ್ದ. ನಿಜವಾದ ಬಾತುಕೋಳಿಗಿಂತ ದೊಡ್ಡದು, ದೊಡ್ಡ ಮನುಷ್ಯನಿಗಿಂತ ಚಿಕ್ಕದು. ಅಳತೆ ನಿರ್ಧಾರ ಮಾಡಿದ್ದು ಮಗು. ಹತ್ತಿ ಕೂರೋ ಹಾಗಿರಬೇಕು, ಕುತ್ತಿಗೆ ತಬ್ಬಿಕೊಳ್ಳೋ ಹಾಗಿರಬೇಕು.

ಇದರಲ್ಲಿ ಒಂದು ಸಣ್ಣ ವಿಜ್ಞಾನವೂ ಇದೆ. ಕಂಚು ಗಾಳಿ, ಮಳೆಗೆ ಒಡ್ಡಿಕೊಂಡರೆ ಮೇಲ್ಮೈ ಕಪ್ಪಾಗುತ್ತೆ, ಕಂದಾಗುತ್ತೆ. ಆದರೆ ಕೈ ತಾಗಿದ ಕಡೆ ಆ ಪದರ ಸವೆದು, ಒಳಗಿನ ಲೋಹ ಚಿನ್ನದ ಹಾಗೆ ಹೊಳೆಯುತ್ತೆ. ಈ ಬಾತುಕೋಳಿಗಳ ತಲೆ, ಕೊಕ್ಕು, ಬೆನ್ನು ಹೊಳೀತಾ ಇವೆ. ಪಾಲಿಶ್ ಮಾಡಿದ್ದು ಲಕ್ಷಾಂತರ ಪುಟ್ಟ ಕೈಗಳು. ಜನಪ್ರಿಯತೆ ಅಳೆಯೋಕೆ ಟಿಆರ್‌ಪಿ ಮೀಟರ್ ಇಟ್ಟುಕೊಂಡು ಬದುಕೋ ನಮ್ಮಂಥವರು ನೋಡಬೇಕು ಅದನ್ನ. ಇದಕ್ಕಿಂತ ಪ್ರಾಮಾಣಿಕವಾದ ರೇಟಿಂಗ್ ನಾನು ಕಂಡಿಲ್ಲ.

ಬೇಲಿ ಇಲ್ಲ ಅಂದ್ರೆ ಕಳ್ಳತನ ಆಗಲ್ವಾ? ಆಗಿದೆ. ಒಂದಲ್ಲ, ಹಲವು ಸಲ ಮರಿಗಳನ್ನ ಕಿತ್ತುಕೊಂಡು ಹೋಗಿದ್ದಾರೆ. ಕದ್ದರೆ ತಕ್ಷಣ ಗೊತ್ತಾಗುತ್ತೆ. ಯಾಕಂದ್ರೆ ಮರಿಗಳಿಗೆ ಹೆಸರಿದೆ. ಜ್ಯಾಕ್, ಕ್ಯಾಕ್, ಲ್ಯಾಕ್, ಮ್ಯಾಕ್ ಅಂತ ಶುರುವಾಗಿ ಕ್ವ್ಯಾಕ್‌ವರೆಗೆ, ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಎಂಟು ಹೆಸರು. ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಒಂದು ಮರಿ ಹೋದರೆ ವರ್ಣಮಾಲೆಯಲ್ಲಿ ಒಂದು ಅಕ್ಷರ ಬಿದ್ದ ಹಾಗೆ. ಹೀಗೆ ಕಳುವಾದಾಗ ಊರು ಏನು ಮಾಡಿತು? ಕೆಲವು ಸಲ ಹುಡುಕಿ ತಂದರು, ಇಲ್ಲದಿದ್ದರೆ ಹೊಸದನ್ನ ಎರಕ ಹೊಯ್ದು ಕೂರಿಸಿದರು. ಬೇಲಿ ಮಾತ್ರ ಹಾಕಲಿಲ್ಲ. ಕಳ್ಳನ ಭಯಕ್ಕೆ ಮಕ್ಕಳನ್ನ ದೂರ ಇಡೋದು ಬೇಡ ಅಂತ ತೀರ್ಮಾನ ಮಾಡಿದ ಊರು ಅದು.

ಈ ಬಾತುಕೋಳಿಗಳು ರಾಜತಾಂತ್ರಿಕ ಕೆಲಸವನ್ನೂ ಮಾಡಿವೆ. 1991ರ ಜುಲೈ ಕೊನೆ. ಅಮೆರಿಕ ಅಧ್ಯಕ್ಷ ಬುಷ್, ಸೋವಿಯತ್ ಅಧ್ಯಕ್ಷ ಗೋರ್ಬಚೆವ್ ಮಾಸ್ಕೋದಲ್ಲಿ ಅಣ್ವಸ್ತ್ರ ಕಡಿತದ ಸ್ಟಾರ್ಟ್ ಒಪ್ಪಂದಕ್ಕೆ ಸಹಿ ಹಾಕ್ತಿದ್ದಾರೆ. ಅದೇ ಹೊತ್ತಿಗೆ ಬಾರ್ಬರಾ ಬುಷ್ ಅವರು ರೈಸಾ ಗೋರ್ಬಚೆವಾ ಜೊತೆ ನಿಂತು, ಇದೇ ಬಾತುಕೋಳಿಗಳ ಪ್ರತಿರೂಪವನ್ನ ಸೋವಿಯತ್ ಮಕ್ಕಳಿಗೆ ಉಡುಗೊರೆಯಾಗಿ ಕೊಟ್ಟರು. ನೊವೊಡೆವಿಚಿ ಪಾರ್ಕಿನಲ್ಲಿ ಅವು ನಿಂತವು. ಐದೇ ತಿಂಗಳಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಅಲ್ಲೂ ಕೆಲವು ಬಾತುಕೋಳಿಗಳು ಕಳುವಾದವು. 2000ದಲ್ಲಿ ಮತ್ತೆ ಮಾಡಿ ಕೂರಿಸಿದರು. ಸಾಮ್ರಾಜ್ಯ ರಿಪೇರಿ ಆಗಲಿಲ್ಲ, ಬಾತುಕೋಳಿಗಳು ರಿಪೇರಿ ಆದವು.

ಮಕ್ಕಳು ಇದನ್ನ ಕಾನೂನಿಗೂ ಏರಿಸಿದರು. ಕ್ಯಾಂಟನ್ ಅನ್ನೋ ಊರಿನ ಮೂರನೇ ತರಗತಿ ಮಕ್ಕಳು, ಇದು ನಮ್ಮ ರಾಜ್ಯದ ಅಧಿಕೃತ ಮಕ್ಕಳ ಪುಸ್ತಕ ಆಗಬೇಕು ಅಂತ ಪಟ್ಟು ಹಿಡಿದರು. ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಿಂದ ತಕರಾರು ಬಂತು. ಯಾಕಂದ್ರೆ ಅದು ಡಾ. ಸ್ಯೂಸ್ ಹುಟ್ಟಿದ ಊರು. ಕೊನೆಗೆ ರಾಜಿ ಆಯ್ತು. 2003ರಿಂದ ಬಾತುಕೋಳಿ ಪುಸ್ತಕ ಮ್ಯಾಸಚೂಸೆಟ್ಸ್ ರಾಜ್ಯದ ಅಧಿಕೃತ ಮಕ್ಕಳ ಪುಸ್ತಕ, ಡಾ. ಸ್ಯೂಸ್ ಅಧಿಕೃತ ಮಕ್ಕಳ ಲೇಖಕ. ಸಮ್ಮಿಶ್ರ ಸರ್ಕಾರದ ಸೂತ್ರ ನಮಗೆ ಮಾತ್ರ ಗೊತ್ತು ಅಂದ್ಕೊಂಡಿದ್ವಿ, ಅಲ್ವಾ?

ಇಲ್ಲಿಗೇ ನಿಲ್ಲಿಸಿದರೆ ಇದೊಂದು ಮುದ್ದಾದ ಕಥೆ. ಆದರೆ ಇದೇ ಬಾಸ್ಟನ್ನಿಗೆ ಇನ್ನೊಂದು ಮುಖ ಇದೆ, ಅದನ್ನ ಹೇಳದೆ ಹೋದರೆ ಈ ಮಾತು ಅರ್ಧ ಆಗುತ್ತೆ.

1974ರ ಸೆಪ್ಟೆಂಬರ್. ಬಿಳಿಯ ಮಕ್ಕಳು, ಕಪ್ಪು ಮಕ್ಕಳು ಒಂದೇ ಶಾಲೆಯಲ್ಲಿ ಓದಬೇಕು, ಅದಕ್ಕಾಗಿ ಬಸ್ಸಿನಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕರೆದೊಯ್ಯಬೇಕು ಅಂತ ಫೆಡರಲ್ ನ್ಯಾಯಾಲಯದ ಆದೇಶ. ಮೊದಲ ದಿನ ಸೌತ್ ಬಾಸ್ಟನ್‌ಗೆ ಹೋದ ಕಪ್ಪು ಮಕ್ಕಳ ಬಸ್ಸುಗಳ ಮೇಲೆ ಜನ ಕಲ್ಲು ತೂರಿದರು. ಒಳಗಿದ್ದವರು ಶಾಲೆಗೆ ಹೊರಟ ಮಕ್ಕಳು, ವೀಕ್ಷಕರೇ. ಮರಿಗಳಿಗೆ ದಾರಿ ಬಿಡಿ ಅನ್ನೋ ಪುಸ್ತಕ ಬಂದು ಆಗಲೇ 33 ವರ್ಷ ಆಗಿತ್ತು. ಕಲ್ಲು ಹಿಡಿದ ಕೈಗಳಲ್ಲಿ ಎಷ್ಟು ಕೈ ಆ ಪುಸ್ತಕದ ಪುಟ ತಿರುವಿದ್ದವೋ.

ಹಾಗಾದ್ರೆ ಪುಸ್ತಕ ಸೋತಿತಾ? ಸಂಕೇತ ಅನ್ನೋದು ಸುಳ್ಳಾ? ನಾನು ಹಾಗೆ ಅಂದುಕೊಳ್ಳಲ್ಲ. ಸಂಕೇತವನ್ನ ನಾವು ಸರ್ಟಿಫಿಕೇಟ್ ಅಂತ ತಿಳ್ಕೊಂಡಿದೀವಿ. ನಮ್ಮ ಊರು ಹೀಗಿದೆ ನೋಡಿ ಅಂತ ಗೋಡೆಗೆ ನೇತುಹಾಕ್ತೀವಿ. ಅದು ಸರ್ಟಿಫಿಕೇಟ್ ಅಲ್ಲ, ಮುಚ್ಚಳಿಕೆ. ಹೀಗೆ ನಡ್ಕೋತೀವಿ ಅಂತ ಊರು ಬರೆದುಕೊಟ್ಟ ಮಾತು. ಮಾತು ತಪ್ಪಿದಾಗ ಅದನ್ನೇ ಎತ್ತಿ ಮುಖಕ್ಕೆ ಹಿಡಿಯಬಹುದು.

ಹಾಗೆ ಹಿಡಿದ ಉದಾಹರಣೆಯೂ ಇದೆ. 2018ರಲ್ಲಿ ಅಮೆರಿಕದ ಗಡಿಯಲ್ಲಿ ವಲಸೆ ಬಂದ ಕುಟುಂಬಗಳಿಂದ ಮಕ್ಕಳನ್ನ ಬೇರೆ ಮಾಡಿ ಇಡ್ತಾ ಇದ್ದರು. ಆಗ ಬಾಸ್ಟನ್‌ನಲ್ಲಿ ಒಬ್ಬ ಕಲಾವಿದೆ ಈ ಕಂಚಿನ ಮರಿಗಳನ್ನ ಪಂಜರದೊಳಗೆ ಹಾಕಿ ಪ್ರತಿಭಟಿಸಿದರು. ಭಾಷಣ ಬೇಕಾಗಲಿಲ್ಲ. ನೋಡಿದವರಿಗೆಲ್ಲ ಒಂದೇ ಕ್ಷಣದಲ್ಲಿ ಅರ್ಥ ಆಯ್ತು. ಯಾಕೆ? ಆ ಮರಿಗಳು ತಾಯಿ ಹಿಂದೆ ನಡೀಬೇಕು ಅನ್ನೋದು ಆ ಊರಿನ ಮೂರು ವರ್ಷದ ಮಗುವಿಗೂ ಗೊತ್ತು.

ಈಗಲೂ ಆ ಬಾತುಕೋಳಿಗಳು ಊರಿನ ಮನೆಮಕ್ಕಳ ಹಾಗೇ ಇವೆ. ಊರಿನ ತಂಡ ಗೆದ್ದರೆ ಅವುಗಳಿಗೆ ತಂಡದ ಜೆರ್ಸಿ. ಕೋವಿಡ್ ಬಂದಾಗ ಒಂಬತ್ತಕ್ಕೂ ಮಾಸ್ಕ್. ಪ್ರತಿ ವರ್ಷ ಮೇ ತಿಂಗಳಲ್ಲಿ, ತಾಯಂದಿರ ದಿನ, ನೂರಾರು ಮಕ್ಕಳು ಬಾತುಕೋಳಿ ವೇಷ ಹಾಕ್ಕೊಂಡು ಮೆರವಣಿಗೆ ಹೊರಡ್ತಾರೆ. ಆ ದಿನ ಪುಸ್ತಕದ ದೃಶ್ಯ ನಿಜವಾಗುತ್ತೆ. ದೊಡ್ಡವರು ನಿಲ್ತಾರೆ, ಚಿಕ್ಕವರು ದಾಟ್ತಾರೆ.

ಒಂದು ಪಾತ್ರ ಊರಿನ ಸಂಕೇತ ಆಗೋದು ಹೇಗೆ ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು. ಎತ್ತರದಿಂದ ಆಗಲ್ಲ, ಬಜೆಟ್‌ನಿಂದ ಆಗಲ್ಲ, ಗೆಜೆಟ್ ಅಧಿಸೂಚನೆಯಿಂದಂತೂ ಆಗೋದೇ ಇಲ್ಲ. ಆ ಪಾತ್ರ ಊರಿನಿಂದ ಏನಾದರೂ ಕೇಳಬೇಕು. ಈ ಬಾತುಕೋಳಿಗಳು ಕೇಳೋದು ಒಂದೇ: ನಿನಗಿಂತ ಚಿಕ್ಕವರು ದಾಟುವಾಗ ಒಂದು ನಿಮಿಷ ನಿಲ್ಲು. ಕೇಳೋಕೆ ಎಷ್ಟು ಸುಲಭ ನೋಡಿ. ಬಾಸ್ಟನ್ ಅದನ್ನ ಎಷ್ಟೋ ಸಲ ಪಾಲಿಸಿದೆ, ಕೆಲವು ಸಲ ಭಯಂಕರವಾಗಿ ಮುರಿದಿದೆ. ಆದರೆ ಆ ಮಾತನ್ನ ಮಕ್ಕಳ ಕೈಗೆ ಸಿಗೋ ಎತ್ತರದಲ್ಲೇ, ಬೇಲಿ ಇಲ್ಲದೆ ಇಟ್ಟುಕೊಂಡಿದೆ.

ನಾಳೆ ಬೆಳಗ್ಗೆ ನಿಮ್ಮ ಬೀದಿಯ ಶಾಲೆ ಮುಂದೆ ಯೂನಿಫಾರ್ಮ್ ಹಾಕ್ಕೊಂಡ ಒಂದು ಸಾಲು ರಸ್ತೆ ದಾಟೋಕೆ ಕಾಯ್ತಾ ಇರುತ್ತೆ. ಹಾರ್ನ್ ಮೇಲಿಂದ ಕೈ ತೆಗೀರಿ.