ಬಡವರ ಒಲೆ, ಬಲದ ಊಟ
(ಹೇಮಗಿರಿಯಲ್ಲಿ ಮಾಡಿದ ಭಾಷಣ)



ಹೇಮಾವತಿಯ ತೀರದ ಈ ಹೇಮಗಿರಿಯಲ್ಲಿ ನಾವು ದೊಡ್ಡ ಮಾತುಗಳನ್ನಾಡಲು ನಿಂತಿಲ್ಲ. ಒಲೆಯ ಮಾತನ್ನಾಡಲು ನಿಂತಿದ್ದೇವೆ. ಕೈಯಲ್ಲಿ ಹಣ ಕಡಮೆಯಿರುವಾಗ ಮನೆಮಂದಿಯ ಹೊಟ್ಟೆ ತುಂಬಿಸುವುದು ಒಂದು, ಮೈಗೆ ಬಲ ಬರುವಂತೆ ಉಣಿಸುವುದು ಇನ್ನೊಂದು. ನಮ್ಮ ಸೀಮೆಯಲ್ಲಿ ಇವೆರಡೂ ಒಂದೇ ತಟ್ಟೆಯಲ್ಲಿ ದೊರೆಯುವುವು.

ಬಿಳಿಯ ಅನ್ನವೇ ಮರ್ಯಾದೆಯೆಂದೆಣಿಸಿ ರಾಗಿಯನ್ನು ಹಿಂದೆ ಸರಿಸಿದವರುಂಟು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಪಾಲಿಷ್ ಅಕ್ಕಿಯಲ್ಲಿ ಅದು 10ರ ಆಸುಪಾಸು ಮಾತ್ರ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಯನ್ನು ಗೆಲ್ಲಿಸಿದುದು ವ್ಯರ್ಥವಲ್ಲ.

ಆದರೆ ಮುದ್ದೆಯೊಂದೇ ಸಾಲದು. ಕಾಳೂ ಸೊಪ್ಪೂ ಬೇಕು. ಹುರುಳಿಯನ್ನೋ ಅವರೆಯನ್ನೋ ಸೊಪ್ಪಿನೊಡನೆ ಬೇಯಿಸಿ ಬಸಿದರೆ, ಬಸಿದ ಕಟ್ಟು ಬಸ್ಸಾರಾಗುವುದು, ಉಳಿದುದು ಪಲ್ಯವಾಗುವುದು. ಒಂದೇ ಉರಿಗೆ ಎರಡು ಪದಾರ್ಥ. ನೀರಿಗಿಳಿದ ಸತ್ತ್ವವೂ ಚೆಲ್ಲಿಹೋಗದು. ಮೇಲೆ ನಿಂಬೆಯ ಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುವುದು. ಮಕ್ಕಳ ಪೊಟ್ಟಣದ ತಿಂಡಿಗೆ ತೆರುವ ಕಾಸಿಗೆ ಹುರಿದ ಕಡಲೆಕಾಯಿ ಕೊಳ್ಳಿರಿ.

2013ರಲ್ಲಿ ಆರಂಭವಾದ ಅನ್ನಭಾಗ್ಯದಿಂದ ಬಡವರ ಮನೆಗೆ ಅಕ್ಕಿ ಬಂದಿತು, ಸಂತೋಷ. ಅಕ್ಕಿಯಲ್ಲಿ ಉಳಿದ ಹಣ ಕಾಳಿಗೆ ಸಲ್ಲಲಿ.

ಕಡೆಗೊಂದು ಮಾತು. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವವಳು ಮನೆಯ ತಾಯಿ. ಅಷ್ಟರಲ್ಲಿ ಕಾಳು ಮುಗಿದು ಬರಿಯ ಸಾರು ಅವಳ ಪಾಲಿಗಿರುವುದು. ಇದನ್ನು ನಾವೆಲ್ಲರೂ ಕಂಡಿದ್ದೇವೆ, ಕಂಡೂ ಸುಮ್ಮನಿದ್ದೇವೆ. ಅವಳ ಪಾಲನ್ನು ಮೊದಲೇ ತೆಗೆದಿಡದ ಮಿತವ್ಯಯವು ಮಿತವ್ಯಯವಲ್ಲ. ಅವಳ ಮೈಯಿಂದ ಪಡೆದ ಸಾಲ. ಇಂದಿನ ರಾತ್ರಿಯೇ ಆ ತಟ್ಟೆಯನ್ನು ಮೊದಲು ಬಡಿಸೋಣ.